ಆಟಿಯಲ್ಲಿ ಕಟ್ಟದೆ ಬಿಟ್ಟ ಹಾಯಿ

ಬೋಳಾರದಲ್ಲಿರುವ ನನ್ನ ಸಂಜೀವ ಮಾಮನ ಮನೆಯಲ್ಲಿ, ಟಿವಿಯ ಪಕ್ಕ, ಒಂದು ಹಡಗು ನಿಂತಿದೆ. ಮರದ್ದು. ಸುಮಾರು ಮೂರಡಿ ಉದ್ದ. ಚುಕ್ಕಾಣಿ ಇದೆ, ನಡುವೆ ನೆಟ್ಟಗೆ ನಿಂತ ಕೂವೆಮರ ಇದೆ, ಹೊಟ್ಟೆಯೊಳಗೆ ಉಗುರಿನಷ್ಟು ದೊಡ್ಡ ಹಂಚುಗಳ ಅಟ್ಟಿ ಕೂಡ ಇದೆ.

ಹಾಯಿ ಮಾತ್ರ ಇಲ್ಲ.

ಬಂದವರು ಮೊದಲು ಹೊಗಳುತ್ತಾರೆ. ಆಮೇಲೆ ಕೇಳುತ್ತಾರೆ, ಇದರ ಬಟ್ಟೆ ಎಲ್ಲಿ ಎಂದು. ಮಾಮ ಕಿಟಕಿಯ ಹೊರಗೆ ನೋಡುತ್ತಾರೆ. ಮಾಮಿ ಚಾ ಮಾಡಲು ಒಳಗೆ ಹೋಗುತ್ತಾರೆ. ಉತ್ತರ ಕೊಡಲು ಉಳಿಯುವವಳು ನಾನು. ಕಾಲೇಜಿನಲ್ಲಿ ಪಾಠ ಮಾಡುವವಳು, ಮಾತೇ ಹೊಟ್ಟೆಪಾಡು. ಆದರೂ ಈ ಒಂದು ಪ್ರಶ್ನೆಗೆ "ಅದು ಬಾಕಿ ಉಂಟು" ಎಂದಷ್ಟೇ ಹೇಳಿ ಮಾತು ಬದಲಿಸುತ್ತೇನೆ. ಪೂರ್ತಿ ಉತ್ತರವನ್ನು ಇವತ್ತು ನಿಮಗೆ ಹೇಳುತ್ತೇನೆ.

ಇದೆಲ್ಲ ಶುರುವಾದದ್ದು ಕಳೆದ ವರ್ಷ, ಒಂದು ಹೋಟೆಲಿನಲ್ಲಿ. ಯಾರದ್ದೋ ಮಗಳ ಮದುವೆಯ ರಿಸೆಪ್ಷನ್. ಎ.ಸಿ.ಯ ಚಳಿ ತಡೆಯಲಾಗದೆ ನಾನು, ಮಾಮ ಮತ್ತು ಮಾಮನ ಸ್ನೇಹಿತ ಹಸನಬ್ಬ ಹೊರಗಿನ ಲಾಬಿಗೆ ಬಂದು ಕೂತಿದ್ದೆವು. ಹಸನಬ್ಬ ಕುದ್ರೋಳಿಯವರು. (ನನಗೆ ಹಸನಾಕ. ಹಿರಿಯ ಬ್ಯಾರಿಗಳನ್ನು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರನ್ನು, ನಮ್ಮಲ್ಲಿ ಹೀಗೆಯೇ ಕರೆಯುವುದು.) ಬಂದರಿನಲ್ಲಿ ಹಗ್ಗದ ಅಂಗಡಿ ಇಟ್ಟುಕೊಂಡಿದ್ದರು, ಈಗ ಮಗ ನೋಡಿಕೊಳ್ಳುತ್ತಾನೆ. ಅದಕ್ಕೂ ಮೊದಲು, ಮೀಸೆ ಬರುವ ಮುಂಚೆಯೇ, ಮಂಜಿಯಲ್ಲಿ ಅಡುಗೆಯ ಕೆಲಸಕ್ಕೆ ಸೇರಿದವರು. ಮಂಜಿ ಎಂದರೆ ನಮ್ಮ ಕರಾವಳಿಯ ಸರಕಿನ ಹಾಯಿಹಡಗು. ಇಲ್ಲಿಂದ ಹಂಚು ತುಂಬಿಕೊಂಡು ಬೊಂಬಾಯಿಗೆ ಹೋಗುತ್ತಿದ್ದದ್ದು, ಗಾಳಿಯನ್ನು ಮಾತ್ರ ನಂಬಿ. ಈಗಲೂ ಮಂಜಿಗಳುಂಟು. ಆದರೆ ಎಂಜಿನ್‌ನದ್ದು.

ಆ ಲಾಬಿಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಹಡಗಿತ್ತು. ಯುರೋಪಿನದ್ದು. ಮೂರು ಕೂವೆಮರ, ಹತ್ತಾರು ಹಾಯಿ, ಪಕ್ಕದಲ್ಲಿ ಸಾಲಾಗಿ ಫಿರಂಗಿ. ಹಸನಾಕ ಅದರ ಸುತ್ತ ಒಂದು ಸುತ್ತು ಬಂದು, ಕೌಂಟರಿನಲ್ಲಿದ್ದವರ ಹತ್ತಿರ ಇದು ಯಾರದ್ದೆಂದು ವಿಚಾರಿಸಿದರು. ಡೆಕೊರೇಷನ್ ಸರ್, ಎಂದು ಉತ್ತರ ಬಂತು.

ವಾಪಸ್ ಬಂದು ಕೂತ ಹಸನಾಕ ನಿಧಾನವಾಗಿ ಹೇಳಿದರು, "ಫಿರಂಗಿ ಇಟ್ಟುಕೊಂಡು ಬಂದವರದ್ದು ಗಾಜಿನ ಒಳಗೆ ಉಂಟು. ಹಂಚು ಹೊತ್ತುಕೊಂಡು ಹೋದ ನಮ್ಮದು ಎಲ್ಲಿ ಉಂಟು ಸಂಜೀವ?"

ನಾನು ಮಾಡ್ತೇನೆ, ಎಂದುಬಿಟ್ಟರು ಮಾಮ. ಕೈಯಲ್ಲಿ ಐಸ್‌ಕ್ರೀಮ್ ಕಪ್ ಇತ್ತು.

ನಮ್ಮ ಮಾಮ ಬಹರೈನಿನಲ್ಲಿ ಮರದ ಕೆಲಸ ಮಾಡಿದವರು. ಯಾರ್ಯಾರದ್ದೋ ಬಂಗಲೆಗಳಿಗೆ ಬಾಗಿಲು, ಸೋಫಾ, ಕಪಾಟು ಮಾಡಿ ಆಯುಷ್ಯ ಕಳೆದು ಬಂದವರು. ಅವರು ಅಲ್ಲಿ ಮರ ಕೆತ್ತಿದ್ದರಿಂದಲೇ ನಾನು ಇಲ್ಲಿ ಓದಿದೆ. ನಾನು ನಮ್ಮ ಕುಟುಂಬದ ಮೊದಲ ಡಿಗ್ರಿ. (ಇದನ್ನು ಈ ಅಂಕಣದಲ್ಲಿ ಎಷ್ಟನೆಯ ಸಲ ಹೇಳುತ್ತಿದ್ದೇನೋ. ಅಮ್ಮನ ಜೊತೆ ಬೀಡಿ ಕಟ್ಟುತ್ತಾ ಬಿ.ಎಸ್ಸಿ. ಪಾಸಾಗಿದ್ದರೆ ನೀವೂ ಹೇಳುತ್ತಿದ್ದಿರಿ.) ಹಾಗಾಗಿ ಹಡಗಿನ ಕೆಲಸಕ್ಕೆ ನನಗೂ ಕರೆ ಬಂತು. ನೀನು ಲೆಕ್ಕ ಕಲಿತವಳು, ಸ್ಕೇಲ್ ಹಾಕು ಎಂದರು ಮಾಮ. ದೇರೆಬೈಲಿನಿಂದ ಪ್ರತಿ ಭಾನುವಾರ ಬೋಳಾರಕ್ಕೆ ನನ್ನ ಸ್ಕೂಟರ್ ಸವಾರಿ ಶುರು.

ಸ್ಕೇಲ್ ಹಾಕಲು ಅಳತೆ ಬೇಕಲ್ಲ? ಹಸನಾಕರ ಮಂಜಿ ಸೌದೆಯಾಗಿ ಎಷ್ಟೋ ಕಾಲವಾಗಿದೆ. ಫೋಟೋ ಇಲ್ಲ. ಹಸನಾಕರ ಅಳತೆಯೆಲ್ಲ ಮೈಯ ಮೇಲೆ. ಡೆಕ್ಕಿನಲ್ಲಿ ನಿಂತರೆ ಹಡಗಿನ ಅಂಚು ನನ್ನ ಎದೆಯವರೆಗೆ ಬರುತ್ತಿತ್ತು ಎಂದರು. ಮಾಮ ತಕ್ಷಣ ಟೇಪ್ ತಂದು ಅವರ ಎದೆ ಅಳೆದರು. ನಾನು ಬರೆದುಕೊಂಡೆ. ಅದೇ ಲೆಕ್ಕದಲ್ಲಿ ಪಕ್ಕದ ಹಲಗೆಗಳನ್ನು ಕೊಯ್ದು ಜೋಡಿಸಿಯೂ ಆಯಿತು. ಹಡಗು ನೋಡಿದರೆ ಬಾವಿಯ ಹಾಗೆ ಆಳ.

ಎಲ್ಲಿ ತಪ್ಪಿತು? ಮಾಮಿ ಹಾದುಹೋಗುತ್ತಾ ಕೇಳಿದರು, ಆಗ ಹಸನಬ್ಬ ಇಷ್ಟೇ ಉದ್ದ ಇದ್ದರಾ ಎಂದು. ಮೂವರೂ ಮುಖ ಮುಖ ನೋಡಿಕೊಂಡೆವು. ಹಸನಾಕ ಮಂಜಿ ಹತ್ತಿದ್ದು ಚಡ್ಡಿ ಹಾಕುವ ವಯಸ್ಸಿನಲ್ಲಿ. ನಾವು ಅಳೆದದ್ದು ಅಜ್ಜನ ಎದೆ. ಆ ಹಲಗೆಗಳನ್ನೆಲ್ಲ ಬಿಚ್ಚಿ, ಮತ್ತೆ ಕೊಯ್ದು, ಮತ್ತೆ ಬಗ್ಗಿಸಬೇಕಾಯಿತು. ಹಲಸಿನ ತೆಳು ಹಲಗೆಗಳನ್ನು ಬಗ್ಗಿಸಲು ಬಿಸಿನೀರಲ್ಲಿ ನೆನೆಸಬೇಕು. ಅದಕ್ಕೆ ಉದ್ದದ ಪಾತ್ರೆ ಸಿಗದೆ ಮಾಮ ಹಬ್ಬಕ್ಕೆ ಪಾಯಸ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನೇ ಒಲೆಗೆ ಏರಿಸಿದ್ದರು. ಆ ವರ್ಷದ ಪಾಯಸಕ್ಕೆ ಮರದ ಪರಿಮಳ.

ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುಂಬಲೇಬೇಕೆಂದು ಹಸನಾಕ ಹಟ ಹಿಡಿದರು. ನಿಜದ ಮಂಜಿಗೆ ನೀರು ನುಗ್ಗದಂತೆ ಹಾಗೆ ಮಾಡುತ್ತಿದ್ದರಂತೆ.

"ಟಿವಿ ಪಕ್ಕ ಇಡುವ ಹಡಗಿಗೆ ಎಲ್ಲಿಂದ ನೀರು ಬರ್ತದೆ ಮಾರಾಯ?" ಎಂದು ಮಾಮ ರೇಗಿದರು.

"ಬರುವುದಿಲ್ಲ. ಆದರೆ ಹಡಗಿಗೆ ಅದು ಗೊತ್ತಿಲ್ಲವಲ್ಲ."

(ಇಬ್ಬರ ಮಾತೂ ತುಳುವಿನಲ್ಲೇ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಕೆಲವು ಬೈಗುಳ ದಾರಿಯಲ್ಲಿ ಬಿದ್ದುಹೋಗಿವೆ.)

ಹೀಗೆ ಜಗಳವಾಡುತ್ತಾ ಈ ಮಳೆಗಾಲ ಬರುವಾಗ ಹಡಗಿನ ಮೈ ಮುಗಿಯಿತು. ಉಳಿದದ್ದು ಹಾಯಿ. ಮಾಮನ ಹಳೆಯ ಮುಂಡುಪಂಚೆಯಿಂದ ಕತ್ತರಿಸಿ, ಮಾಮಿ ಅಂಚು ಹೊಲಿದುಕೊಟ್ಟಿದ್ದರು. ಆದರೆ ಮಂಜಿಯ ಹಾಯಿ ಬಟ್ಟೆ ಒಣಗಿಸಿದ ಹಾಗೆ ನೇತಾಡುವುದಲ್ಲ. ಕೂವೆಮರಕ್ಕೆ ಓರೆಯಾಗಿ ಒಂದು ಉದ್ದದ ಅಡ್ಡಮರ, ಅದಕ್ಕೆ ಹಾಯಿ, ಅಲ್ಲಿಂದ ಹಗ್ಗಗಳು. ಯಾವ ಹಗ್ಗ ಎಲ್ಲಿ ಸುತ್ತಿ ಎಲ್ಲಿ ಗಂಟಾಗಬೇಕು, ಗಾಳಿ ತಿರುಗಿದರೆ ಯಾವುದು ಸಡಿಲಬೇಕು ಎಂಬುದು ನಮ್ಮಲ್ಲಿ ಒಬ್ಬರಿಗೇ ಗೊತ್ತು. ಅಡುಗೆ ಮುಗಿಸಿ ಡೆಕ್ಕಿಗೆ ಬಂದು ದೊಡ್ಡವರ ಜೊತೆ ಹಗ್ಗ ಎಳೆದು ಕಲಿತ ಹಸನಾಕರಿಗೆ. ಇದು ನನ್ನ ಕೆಲಸ, ಯಾರೂ ಮುಟ್ಟಬೇಡಿ ಎಂದು ಮೊದಲೇ ಹೇಳಿಟ್ಟಿದ್ದರು.

ಜುಲೈಯ ಆ ಭಾನುವಾರ ಅವರು ಅಂಗಡಿಯಿಂದ ಸಪುರ ದಾರದ ಉಂಡೆ ತಂದರು. ಹೊರಗೆ ಮಳೆ ಹಿಡಿದುಕೊಂಡಿತ್ತು. ಹಡಗನ್ನು ಹತ್ತಿರಕ್ಕೆ ಎಳೆದುಕೊಂಡು, ಅಡ್ಡಮರದ ಮೇಲೆ ಮೊದಲ ಸುತ್ತು ಹಾಕಿದರು. ನಾನು ವಿಡಿಯೊ ತೆಗೆಯಲು ಫೋನ್ ಹುಡುಕುತ್ತಿದ್ದೆ.

ಆಗ ಮಾಮ, "ಆಟಿ ಶುರುವಾಯಿತಲ್ಲ ಹಸನ್. ಮಳೆ ಬೇರೆ. ಸೋಣದಲ್ಲಿ ಕಟ್ಟುವಾ?" ಎಂದರು.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಆಟಿ ಎಂದರೆ ತುಳುವರಿಗೆ ಮಳೆ ಜೋರಿರುವ, ಶುಭಕಾರ್ಯ ಮಾಡದ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸತು ಏನೂ ಇಲ್ಲ. ಅದು ಕಳೆದು ಬರುವುದು ಸೋಣ.

ಹಸನಾಕರ ಬೆರಳು ನಿಂತಿತು. "ಹೌದು, ಆಟಿ ಅಲ್ವಾ. ಸೋಣದಲ್ಲೇ ಆಗಲಿ" ಎಂದರು. ಹಾಕಿದ ಸುತ್ತನ್ನು ಬಿಚ್ಚಿದರು. ದಾರವನ್ನು ಉಂಡೆಗೆ ಸುತ್ತಿ ಕಿಸೆಗೆ ಹಾಕಿಕೊಂಡರು.

ನಾನು? ನಾನು ಆಟಿ ಗೀಟಿ ನಂಬುವವಳಲ್ಲ. ನನ್ನ ಸ್ಕೂಟರ್ ತಂದದ್ದೇ ಆಟಿಯಲ್ಲಿ. (ಅದು ಪಂಕ್ಚರ್ ಆದಾಗಲೆಲ್ಲ ಅಮ್ಮ ತಿಂಗಳ ಹೆಸರು ನೆನಪಿಸುತ್ತಾರೆ.) ಆದರೆ ಆ ಹೊತ್ತಿಗೆ ಸುಮ್ಮನಿದ್ದೆ. ಮೂರಡಿಯ ಹಡಗಿಗೆ ಎಂತ ಆಟಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಯಾಕೆಂದರೆ ಇಂಥ ಮಾತು ಆಡಿ ಆಡಿ ಮನೆಯಲ್ಲಿ ನನಗೊಂದು ಹೆಸರು ಬಿದ್ದಿದೆ. ಡಿಗ್ರಿ ನಿನಗೆ ಬಂದದ್ದು, ನಮಗಲ್ಲ ಎಂದು ಮಾಮಿ ಒಮ್ಮೆ ಮುಖಕ್ಕೇ ಹೇಳಿದ್ದರು. ಓದಿದ ಜಂಭ ಎನ್ನಿಸಿಕೊಳ್ಳುವುದು ಯಾರಿಗೆ ಬೇಕು? ಹಿರಿಯರಿಬ್ಬರ ನಂಬಿಕೆ, ನನ್ನದೆಂತ ಹೋಗುತ್ತದೆ, ಒಂದು ತಿಂಗಳು ತಾನೇ ಎಂದುಕೊಂಡೆ. ಫೋನನ್ನು ಬ್ಯಾಗಿಗೆ ಹಾಕಿದೆ.

ಸೋಣ ಬಂತು. ಹಸನಾಕ ಬರಲಿಲ್ಲ.

ಆಟಿ ಮುಗಿಯುವ ಮೊದಲೇ, ಒಂದು ಬೆಳಿಗ್ಗೆ ಮಸೀದಿಯಿಂದ ಬಂದು ಚಪ್ಪಲಿ ಕಳಚುವಾಗ ಅವರು ಕುಸಿದಿದ್ದರು. ಸ್ಟ್ರೋಕ್. ಕ್ಲಾಸು ಮುಗಿಸಿ ಹೊರಬಂದಾಗ ಫೋನಿನಲ್ಲಿ ಮಾಮನ ಮಿಸ್ಡ್ ಕಾಲ್‌ಗಳ ಸಾಲು. ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ಅಪಾಯ ಇಲ್ಲ ಎಂದರು. ನಿಜವೇ ಆಯಿತು. ಕಾಲಿಗೆ ಸ್ವಲ್ಪ ಶಕ್ತಿ ಬಂತು, ಮಾತೂ ನಿಧಾನಕ್ಕೆ ತಿರುಗಿ ಬಂತು. ಬಲಗೈ ಬರಲಿಲ್ಲ.

ಮೊನ್ನೆ ಭಾನುವಾರ ಮಾಮ ಹಡಗನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ರಿಕ್ಷಾದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಕುದ್ರೋಳಿಗೆ ಹೊರಟರು. ನಾನು ಪಕ್ಕದಲ್ಲಿ ಕೂತು ಕೂವೆಮರ ಹಿಡಿದುಕೊಂಡಿದ್ದೆ. ಹಸನಾಕ ಕುರ್ಚಿಯಲ್ಲಿ ಕೂತಿದ್ದರು. ನಮ್ಮನ್ನು ನೋಡಿ ನಕ್ಕರು, ನಗು ಒಂದು ಬದಿಗೆ ಮಾತ್ರ ಹೋಯಿತು. ಹಡಗನ್ನು ಟೀಪಾಯಿಯ ಮೇಲಿಟ್ಟೆವು. ಎಡಗೈಯಲ್ಲಿ ಅಂಚನ್ನು ಸವರಿದರು. ದಾರ ಹಿಡಿಯಲು ನೋಡಿದರು. ಬೆರಳಿನಿಂದ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು.

ನೀನು ಹೇಳು, ನಾನು ಕಟ್ಟುತ್ತೇನೆ ಎಂದರು ಮಾಮ. ಕೆಲಸ ಶುರುವಾಯಿತು. ಹಸನಾಕ ಹೇಳುವುದು, ಮಾಮ ಸುತ್ತುವುದು. ಅದಲ್ಲ. ಆ ಕಡೆಯಿಂದ. ಅಲ್ಲ, ಕೆಳಗಿನಿಂದ. ಬಿಚ್ಚು. ಅರ್ಧ ದಾರಿಯಲ್ಲಿ ಹಸನಾಕ ತಡೆದು ನಿಲ್ಲುತ್ತಿದ್ದರು, ಕಣ್ಣು ಮುಚ್ಚಿ ಯೋಚಿಸುತ್ತಿದ್ದರು, ಮಡಿಲಲ್ಲಿ ಮಲಗಿದ ಬಲಗೈಯನ್ನು ನೋಡುತ್ತಿದ್ದರು. ಕೊನೆಗೆ ಹೇಗೋ ಹಾಯಿ ಏರಿತು.

"ಇದು ಹಾಯಿ ಅಲ್ಲ ಸಂಜೀವ. ಒಗೆದು ಹಾಕಿದ ಲುಂಗಿ" ಎಂದರು ಹಸನಾಕ. ನಾವು ನಕ್ಕೆವು. ಅವರು ನಗಲಿಲ್ಲ. "ನನ್ನ ಬಾಯಿಗೆ ಇದು ಗೊತ್ತೇ ಇರಲಿಲ್ಲ ಮಾರಾಯ. ಕೈಗೆ ಗೊತ್ತಿತ್ತು."

ಯೂಟ್ಯೂಬಿನಲ್ಲಿ ಇದೇ ಥರ ಹಾಯಿ ಕಟ್ಟುವ ಅರಬರ ಹಡಗುಗಳ ವಿಡಿಯೊ ಬೇಕಾದಷ್ಟಿದೆ ಎಂದು ನಾನು ಫೋನ್ ತೆಗೆದೆ. ಮಾಮ ನೋಡಲೂ ಇಲ್ಲ. ದಾರ ಬಿಚ್ಚುತ್ತಾ, ತಮಗೆ ತಾವೇ ಎಂಬಂತೆ, ಅವತ್ತೇ ಕಟ್ಟಿದ್ದರೆ ಆಗುತ್ತಿತ್ತು ಎಂದರು.

"ನಾನು ಕಟ್ಟುತ್ತಲೇ ಇದ್ದೆ. ನಿನಗೆ ಆಟಿ ಅಲ್ವಾ ಅಂತ ಬಿಚ್ಚಿದೆ" ಎಂದರು ಹಸನಾಕ.

ಮಾಮ ತಲೆ ಎತ್ತಿದರು. "ನನಗೆಂತ ಆಟಿ? ಬಹರೈನಿನಲ್ಲಿ ಆಟಿ ಉಂಟಾ? ನೀನೇ ಅಲ್ವಾ ಹೇಳಿದ್ದು, ಮಳೆಯಲ್ಲಿ ಹಾಯಿ ಕಟ್ಟಬಾರದು, ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದೆವು ಅಂತ? ನಮಗೋಸ್ಕರ ಮನಸ್ಸಿಲ್ಲದೆ ಕಟ್ಟುತ್ತಿದ್ದೀ, ನಿನಗೆ ಬೇಜಾರಾಗುವುದು ಬೇಡ ಅಂತ ನಾನು ಆಟಿಯ ಹೆಸರು ಹೇಳಿದೆ."

"ಅದು ಸಮುದ್ರದ ಮಾತು ಸಂಜೀವ. ಟೀಪಾಯಿಗೆ ಎಂತ ಮಳೆಗಾಲ?"

ಮಾಮ ದಾರವನ್ನು ಟೀಪಾಯಿಯ ಮೇಲಿಟ್ಟರು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಓದಿದವಳೇ ಸುಮ್ಮನಿದ್ದಾಳಲ್ಲ, ಹಾಗಾದರೆ ಎಂತದ್ದೋ ಉಂಟು ಅಂತ ನಾನು ಎಣಿಸಿದೆ" ಎಂದರು ಮಾಮ.

ನೋಡಿ. ನನ್ನ ಡಿಗ್ರಿಯನ್ನು ಜಂಭ ಎಂದುಕೊಳ್ಳುತ್ತಾರೆಂದು ಹೆದರಿ ನಾನು ಬಾಯಿ ಮುಚ್ಚಿದ್ದೆ. ಅವರು ಅದೇ ಡಿಗ್ರಿಯ ಬಾಯಿಯಿಂದ ಒಂದು ಮಾತು ಬರಲಿ ಎಂದು ಕಾದಿದ್ದರು.

ನಮ್ಮ ಊರಿನ ಹೆಸರು ಪೇಪರಿನಲ್ಲಿ ಬರುವುದು ಬೇರೆ ಬೇರೆ ಕಾರಣಗಳಿಗೆ. ನಿಮಗೆ ಗೊತ್ತಿದೆ, ನಾನು ಹೇಳುವುದು ಬೇಡ. ಅಂಥ ಊರಿನಲ್ಲಿ ಒಬ್ಬರು ಬ್ಯಾರಿ ತಮ್ಮ ಸ್ನೇಹಿತನ ಆಟಿಗೆ ಮರ್ಯಾದೆ ಕೊಟ್ಟು ದಾರ ಬಿಚ್ಚಿದರು. ಅವರ ಸಮುದ್ರಕ್ಕೆ ಮರ್ಯಾದೆ ಕೊಟ್ಟು ಮಾಮ ತಾವು ನಂಬದ ಆಟಿಯನ್ನು ನಂಬಿದಂತೆ ಮಾಡಿದರು. ಸಂತೋಷಪಡಬೇಕಾದ ಸಂಗತಿ. ಬೇರೆಯವರ ಮನೆಯ ಕಥೆಯಾಗಿದ್ದರೆ ನಾನೂ ಕಣ್ಣು ಒದ್ದೆ ಮಾಡಿಕೊಂಡು, ಎಷ್ಟು ಚಂದ ಎಂದು ಬರೆದುಬಿಡುತ್ತಿದ್ದೆ. ಆದರೆ ಹಸನಾಕ ತಮ್ಮ ಬಲಗೈಯನ್ನು ಎಡಗೈಯಿಂದ ಎತ್ತಿ ಕುರ್ಚಿಯ ಕೈಯ ಮೇಲೆ ಇಟ್ಟುಕೊಂಡದ್ದನ್ನು ನಾನು ನೋಡಿದ್ದೇನೆ. ಚಂದ ಎನ್ನಲು ಬಾಯಿ ಬರುವುದಿಲ್ಲ.

ಎಷ್ಟು ಮನೆಗಳಲ್ಲಿ ಹೀಗಾಗುತ್ತದೆ? ಅತ್ತೆಗೆ ಇಷ್ಟವಿಲ್ಲ ಎಂದು ಸೊಸೆ ಕೆಲಸಕ್ಕೆ ಹೋಗುವುದಿಲ್ಲ, ಸೊಸೆಗೆ ಮನಸ್ಸಿಲ್ಲ ಎಂದು ಅತ್ತೆ ಬಾಯಿ ಬಿಡುವುದಿಲ್ಲ. ಶನಿವಾರ ಮೀನು ತಿನ್ನಬಾರದೆಂದು ಮನೆಯವರೆಲ್ಲ ಒಬ್ಬರಿಗೊಬ್ಬರು ನಂಬಿಸಿ, ನಾಲ್ಕೂ ಜನ ಬೇಡದ ಸಾರಿನಲ್ಲಿ ಉಣ್ಣುತ್ತಾರೆ. ಮೀನಾದರೆ ಭಾನುವಾರವೂ ಸಿಗುತ್ತದೆ. ಕೈ ಸಿಗುತ್ತದಾ?

ಕೇಳಿದರೆ ಬೇಜಾರಾಗಬಹುದು ಎಂದು ನಾವು ಕೇಳುವುದಿಲ್ಲ. ಅದಕ್ಕೆ ಸಂಸ್ಕಾರ ಎಂಬ ಹೆಸರನ್ನೂ ಇಟ್ಟಿದ್ದೇವೆ. ನಾನಂತೂ ಅದನ್ನು ಕಷ್ಟಪಟ್ಟು ಕಲಿತೆ. ಕಲಿಯಬಾರದ ದಿನವೇ ಕಲಿತೆ.

ನೀವು ಯಾರಿಗೋಸ್ಕರ ಕಾಯುತ್ತಿದ್ದೀರೋ, ಅವರು ಯಾರಿಗೋಸ್ಕರ ಕಾಯುತ್ತಿದ್ದಾರೆ ಎಂದು ಒಮ್ಮೆ ಕೇಳಿದ್ದೀರಾ?