ಅಂಗಳಕ್ಕೆ ಬಂದ ತಂಗಡಿ

ಕನಕಪುರದ ಕಡೆ ನಮ್ಮ ತವರಿನ ಗುಡ್ಡದ ಹೊಲ ಕಲ್ಲು ಕ್ವಾರಿಗೆ ಹೋದ ವರ್ಷ, ಅವ್ವ ಅಲ್ಲಿಂದ ಒಂದು ಹಿಡಿ ತಂಗಡಿ ಬೀಜ ಸೆರಗಿನಲ್ಲಿ ಕಟ್ಟಿಕೊಂಡು ಬಂದು ನನ್ನ ಕೈಗೆ ಹಾಕಿದಳು. ಹಳದಿ ಹೂವಿನ ಬೇಲಿ ಗಿಡ, ಯಾರೂ ಕೇಳುವವರಿಲ್ಲ. ಆದರೆ ಆ ನೆಲದ್ದು ಅಂತ ನಮಗೆ ಉಳಿದಿದ್ದು ಅಷ್ಟೇ. ಅರ್ಧ ಬೀಜವನ್ನು ಕೂಟಗಲ್ಲಿನ ಗಂಡನ ಮನೆಯ ಅಂಗಳದಲ್ಲಿ, ದಿನವಿಡೀ ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ಹಾಕಿದೆ. ಐದು ಸಸಿ ಎದ್ದವು.

ಗಂಡನ ಮನೆ ರೇಷ್ಮೆ ಸಾಕುವವರದು. ಹುಳುವಿನ ಹಿಕ್ಕೆಗಿಂತ ಒಳ್ಳೆಯ ಗೊಬ್ಬರ ಭೂಮಿಯ ಮೇಲಿಲ್ಲ ಎಂಬುದು ನಮ್ಮತ್ತೆಯ ನಂಬಿಕೆ. ತೋಟಕ್ಕೆ ಹಾಕುವ ಮೊದಲು ಒಂದು ಮಂಕರಿ ಬುಟ್ಟಿ ತುಂಬ ಹಿಕ್ಕೆ ನನ್ನ ಸಸಿಗಳಿಗೆ ಸುರಿದರು. ಸಂಜೆಗೊಂದು ಕೊಡ ನೀರು ಬೇರೆ. "ಅಂಗ್ಳಕ್ ಬಂದ್ಮೇಲೆ ಅದೂ ಮನೆ ಗಿಡ್ವೇಯಾ," ಎನ್ನುತ್ತಿದ್ದರು. ತಂಗಡಿಗೆ ಬೇಕಿರುವುದು ಬಿಸಿಲು ಮತ್ತು ಒಣ ಕಲ್ಲುಮಣ್ಣು ಎಂದು ನಾನಾದರೂ ಹೇಳಬೇಕಿತ್ತು. ಹೊಸ ಸೊಸೆ, ಬಾಯಿ ಬರಲಿಲ್ಲ. ಸಸಿಗಳು ಒಂದು ತಿಂಗಳು ಸೊಂಪಾಗಿ ಬೆಳೆದು, ಆಮೇಲೆ ಬುಡ ಕೊಳೆತು ಮಲಗಿದವು.

ಆಗ ಬಂತು ಬಾಯಿ. "ನಿಮ್ ಕೈಯಿಂದ್ಲೇ ಸತ್ತೋದ್ವು ಕಣತ್ತೆ. ಇನ್ಮೇಕೆ ನನ್ ಗಿಡ ಮುಟ್ಬ್ಯಾಡಿ!"

ಅತ್ತೆ ಮಂಕರಿ ಕೆಳಗಿಟ್ಟರು. "ಒಸಿ ಚೆನ್ನಾಗ್ ಬರ್ಲಿ ಅಂತ ಹಾಕ್ದೆ ಕಣವ್ವ," ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಉಳಿದರ್ಧ ಬೀಜವನ್ನು ಬಾಗಿಲ ಪಕ್ಕದ ಜಲ್ಲಿಮಣ್ಣಿಗೆ ಹಾಕಿ ಸುಮ್ಮನೆ ಬಿಟ್ಟೆ. ಎರಡು ಗಿಡ ಬದುಕಿದವು. ಅತ್ತೆ ಕೊಡ ಹೊತ್ತು ಬರುವಾಗ, ನೀರು ತುಳುಕೀತು ಎಂದು ಗಿಡದಿಂದ ಒಂದು ಮಾರು ದೂರ ಸುತ್ತಿ ಹೋಗುತ್ತಿದ್ದರು. ನಾನು ನೋಡಿಯೂ ನೋಡದಂತೆ ಇದ್ದೆ. ನನ್ನ ಹಠ ಕಮ್ಮಿಯದಲ್ಲ.

ಮರುವರ್ಷ ದೀಪಾವಳಿಯ ಹೊತ್ತಿಗೆ ಗಿಡದ ತುಂಬ ಹೂ. ಹಬ್ಬದ ಬೆಳಗ್ಗೆ ಹೊಸಿಲ ಮುಂದೆ ಸಗಣಿಯ ಉಂಡೆ ಇಟ್ಟು ಅದಕ್ಕೆ ಹೂ ಸಿಕ್ಕಿಸುವುದು ಮನೆಯ ಪದ್ಧತಿ. ಉಂಡೆ ಇಟ್ಟು ಕೈ ತೊಳೆದ ಅತ್ತೆ, ಗಿಡದಿಂದ ದೂರವೇ ನಿಂತು ನನ್ನನ್ನು ಕೇಳಿದರು.

"ಎರಡ್ ಹೂವ ಕಿತ್ಕೊಳ್ಳಾ?"

ತಾವು ಮದುವೆಯಾಗಿ ಬಂದ ದಿನದಿಂದ ಅವರೇ ಗುಡಿಸಿ ಸಾರಿಸಿದ ಅಂಗಳ ಅದು. ಅಲ್ಲಿ ನಿಂತು ನನ್ನ ಅಪ್ಪಣೆ ಕೇಳುತ್ತಿದ್ದರು. ನನಗೆ ನಾಚಿಕೆಯಾಯಿತು. ಅವರ ರಟ್ಟೆ ಹಿಡಿದು ಗಿಡದ ಹತ್ತಿರ ಕರೆತಂದೆ.

ಅವರು ಕೂಡಲೇ ಹೂವಿಗೆ ಕೈ ಹಾಕಲಿಲ್ಲ. ಮೊದಲು ಒದ್ದೆ ಕೈಗಳನ್ನು ಸೆರಗಿಗೆ ಒರೆಸಿ ಒರೆಸಿ, ಒಂದು ಹನಿಯೂ ಇಲ್ಲದಂತೆ ಒಣಗಿಸಿಕೊಂಡರು.