ಅತ್ತೆಯ ತಂತಿ ಕಂಪನಿ

ಶಹಾಬಾದಿನ ನಮ್ಮ ಓಣಿಯಲ್ಲಿ ಮೊದಲು ಷೇರು ಕೊಂಡ ಹೆಂಗಸು ನಮ್ಮ ಅತ್ತೆ. ಇಂಟರ್ನೆಟ್ಟಿನ ಕೇಬಲ್ ತಯಾರಿಸುವ ಒಂದು ಕಂಪನಿಯ ಷೇರುಗಳನ್ನು ನನ್ನ ಗಂಡನ ಬೆನ್ನು ಹತ್ತಿ ಕೊಳ್ಳಿಸಿದರು. ಅವರ ವಿಚಾರ ಸರಳವಾಗಿತ್ತು. "ಎಲ್ಲಾರೂ ಫೋನ್ ನೋಡ್ಲಿಕತ್ತಾರ. ನೋಡೋರು ಹೆಚ್ಚಾದ್ರ ತಂತಿ ಬೇಕೇ ಬೇಕಲ್ಲ."

ಅಂದಿನಿಂದ ಅವರೇ ಕಂಪನಿಯ ಮಾಲಕರು. ಮೈದುನನಿಗೆ ಹೆಣ್ಣು ನೋಡಲು ಚಿತ್ತಾಪುರಕ್ಕೆ ಹೋದಾಗ ಹುಡುಗಿಯ ಓದು ಕೇಳುವ ಮೊದಲೇ, "ನಿಮ್ಮ ಮನ್ಯಾಗ ವೈಫೈ ಅದನ್ರಿ?" ಎಂದರು. ಸೇಡಂನಲ್ಲಿದ್ದ ಅವರ ತಂಗಿ ಫೋನ್ ಮಾಡಿದರೆ ಕಟ್ ಮಾಡಿ, ತಾವೇ ವಿಡಿಯೋ ಕಾಲ್ ಮಾಡುತ್ತಿದ್ದರು. ಷೇರು ಇಳಿದ ದಿನ ಮನೆಯ ಅಷ್ಟೂ ಫೋನುಗಳಲ್ಲಿ ಸಿನಿಮಾ ಹಚ್ಚಿಟ್ಟು ರೊಟ್ಟಿ ಬಡಿಯಲು ಕುಳಿತರು. ನಾನು ಒಂದನ್ನು ಬಂದ್ ಮಾಡಿದೆ. "ನಿನಗ ಮನಿ ಉದ್ಧಾರ ಆಗೋದು ಬ್ಯಾಡೇನು?" ಎಂದು ಬೈದರು.

ಒಂದು ಮಧ್ಯಾಹ್ನ ಎತ್ತರಕ್ಕೆ ಜೋಳದ ಒಣದಂಟಿನ ಕಣಿಕೆ ಹೇರಿದ ಟ್ರ್ಯಾಕ್ಟರು ಓಣಿಗೆ ನುಗ್ಗಿ, ಜೋತುಬಿದ್ದ ಕೇಬಲ್ಲನ್ನು ಹರಿದುಕೊಂಡು ಹೋಯಿತು. ಎಲ್ಲರ ಮನೆಯ ನೆಟ್ಟೂ ನಿಂತಿತು. ಬ್ಲೌಸಿನ ಡಿಸೈನುಗಳನ್ನು ಫೋನಿನಲ್ಲೇ ನೋಡಿ ಹೊಲಿಯುವ ಪಕ್ಕದ ಮನೆಯಾಕೆ ಹೆಂಗಸರನ್ನು ಕಟ್ಟಿಕೊಂಡು ಬಂದರು.

"ಮಾಲಕರು ನೀವೇ ಅಲ್ಲೇನ್ರಿ ಅಕ್ಕಾ? ಜೋಡಸಿ ಕೊಡ್ರಿ."

ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಹೆಂಗಸರು ಹೋದ ಮೇಲೆ ನನ್ನ ಕಿವಿಯಲ್ಲಿ, "ಹೊಸಾ ತಂತಿ ಮಾರಾಟ ಆಗ್ತದ. ನಮಗ ಛಲೋನೇ ಆತು" ಎಂದರು. ಅದು ಹೇಗೋ ಹೊರಗೆ ಗೊತ್ತಾಯಿತು. ವಾಡಿಯಿಂದ ಕೇಬಲ್ ಜೋಡಿಸುವವರು ಬರುವಷ್ಟರಲ್ಲಿ ಅರ್ಧ ಓಣಿ ಅತ್ತೆಯೊಂದಿಗೆ ಮಾತು ಬಿಟ್ಟಿತ್ತು.

ಅತ್ತೆಗೆ ಅದನ್ನು ಸಹಿಸಲಾಗಲಿಲ್ಲ. ಕಂಪನಿಯ ವಾರ್ಷಿಕ ಸಭೆ ವಿಡಿಯೋದಲ್ಲೇ ನಡೆಯುತ್ತದೆ, ಷೇರುದಾರರು ಪ್ರಶ್ನೆ ಕೇಳಬಹುದು ಎಂದು ತಿಳಿದದ್ದೇ ತಡ, ಮಗನಿಂದ ಹೆಸರು ಹಚ್ಚಿಸಿದರು. ಆ ದಿನ ರೇಷ್ಮೆ ಸೀರೆ ಉಟ್ಟು, ಮುನಿದವರನ್ನೆಲ್ಲ ಕರೆದು ಹಿಂದೆ ಕೂರಿಸಿದರು. ಫೋನ್ ಹಿಡಿಯುವ ಕೆಲಸ ನನ್ನದು.

ತಮ್ಮ ಸರದಿ ಬಂದಾಗ, ನಮ್ಮೂರಿನ ಹಿಂದಿಯಲ್ಲಿ, ಕೇಬಲ್ಲನ್ನು ಎತ್ತರಕ್ಕೆ ಕಟ್ಟಿಸಬೇಕೆಂದು ಅಧ್ಯಕ್ಷರಿಗೆ ಹೇಳಿದರು. ನಾವು ತಯಾರಿಸುವವರು, ಕಟ್ಟುವವರು ಬೇರೆ ಎಂದು ಅವರು ವಿನಯದಿಂದಲೇ ಉತ್ತರಿಸಿದರು. ಹಾಗಾದರೆ ಟ್ರ್ಯಾಕ್ಟರ್ ಎಳೆದರೂ ಹರಿಯದಷ್ಟು ಗಟ್ಟಿ ಮಾಡಿ ಎಂದರು ಅತ್ತೆ.

ಹಿಂದಿನಿಂದ ಪಕ್ಕದ ಮನೆಯಾಕೆ ಅವರ ಬೆನ್ನು ತಿವಿದರು. "ಅಕ್ಕಾ, ಅಷ್ಟು ಗಟ್ಟಿ ಮಾಡಿದ್ರ ಮತ್ತ ಯಾರ್ ಕೊಳ್ತಾರ? ನಿಮ್ಮ ಷೇರಿನ ಗತಿ ಏನ್ರಿ?"

ಅತ್ತೆ ಕೂಡಲೇ ಅಧ್ಯಕ್ಷರಿಗೆ, ಜರಾ ಗಟ್ಟಿಯಾದರೆ ಸಾಕು, ಭಾಳ ಬೇಡ ಎಂದು ತಿದ್ದಿದರು.

ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಧ್ಯಕ್ಷರೂ ನಕ್ಕರು. ಸಭೆ ಇನ್ನೂ ನಡೆದಿರುವಾಗಲೇ ಅತ್ತೆ ಎಲ್ಲರಿಗೂ ಮಂಡಕ್ಕಿಯ ಸುಸಲಾ ಹಾಕಿಕೊಟ್ಟರು. ಮಾತು ಬಿಟ್ಟವರೆಲ್ಲ ಎರಡೆರಡು ಸಲ ಹಾಕಿಸಿಕೊಂಡು ತಿಂದರು.