ಪಟ್ಟಿ ಅಕ್ಕನ ಜೇಬಿನ ಗುಂಡಿಗಳು

ಬೆಳಗಿನ ಆರು ಗಂಟೆ. ಕಣ್ಣಾಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಹದಿನೆಂಟು ಮಂದಿ ಒಂದೊಂದು ಕಣ್ಣಿಗೆ ಪಟ್ಟಿ ಅಂಟಿಸಿಕೊಂಡು ಮಂಚದ ಮೇಲೆ ಕಾದು ಕೂತಿದ್ದಾರೆ. ನಿನ್ನೆ ಅವರೆಲ್ಲರ ಪೊರೆ ತೆಗೆದು ಲೆನ್ಸ್ ಕೂರಿಸಲಾಗಿದೆ. ಬೆಳಕು ಕಣ್ಣಿಗೆ ಚುಚ್ಚದಿರಲೆಂದು ಪರದೆಯನ್ನು ಅರ್ಧ ಎಳೆದು, ಕೈ ತೊಳೆದು, ತಣ್ಣಗಿನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಮೊದಲ ಮಂಚದ ಬಳಿ ಬರುವಾಕೆಯೇ ಪಟ್ಟಿ ಅಕ್ಕ.

ಪಟ್ಟಿ ಬಿಚ್ಚಿ, ಕಣ್ಣು ಒರೆಸಿ, ಜೇಬಿನಿಂದ ಒಂದು ಬಟ್ಟೆಯ ಪಟ್ಟಿ ತೆಗೆಯುತ್ತಾರೆ. ಅದರ ಮೇಲೆ ಕೋಟಿನ ದಪ್ಪ ಗುಂಡಿಗಳು ಸಾಲಾಗಿವೆ. ಒಂದನ್ನು ಬಿಟ್ಟು ಉಳಿದವನ್ನು ಕೈಯಲ್ಲಿ ಮುಚ್ಚಿ, "ಇದು ಯಾವ ಬಣ್ಣ? ಕಿವೀಲಿ ಹೇಳಿ ಅಜ್ಜಿ" ಎನ್ನುತ್ತಾರೆ.

"ಕಿವೀಲಿ ಯಾಕೆ, ನನ್ನ ಮದುವೆ ಮಾತುಕತೆನಾ?"

"ಹೂಂ, ಗಂಡಿನ ಕಡೆಯವರಿಗೆ ಕೇಳಿಸಬಾರದು. ಹೇಳಿ."

"ಕೆಂಪು" ಎಂದು ಕಿವಿಯಲ್ಲಿ ಹೇಳಿ, ಅಜ್ಜಿ ಗಟ್ಟಿಯಾಗಿ, "ನಿನ್ನ ಮುಖದಲ್ಲಿ ಇಷ್ಟೊಂದು ಸುಕ್ಕಿದೆ ಅಂತ ಗೊತ್ತೇ ಇರಲಿಲ್ಲ ಕಣೇ!"

ಕೋಣೆಯೆಲ್ಲ ನಗುತ್ತದೆ. ಅಕ್ಕ ಚೀಟಿಯಲ್ಲಿ 'ಸರಿ' ಎಂದು ಬರೆದು, ಮತ್ತೆ ಕೈ ತೊಳೆಯಲು ಹೋಗುತ್ತಾರೆ. ಹದಿನೆಂಟು ಮಂಚಕ್ಕೂ ಹದಿನೆಂಟು ಸಲ.

ನೆಲ ಒರೆಸುವ ಕೆಲಸಕ್ಕೆಂದು ಸೇರಿದವರು ಅವರು. ಹಳೆಯ ನರ್ಸಮ್ಮ ಒಬ್ಬರು ಪಟ್ಟಿ ಬಿಚ್ಚುವುದನ್ನು ಕಲಿಸಿಕೊಟ್ಟರು. ಅದಕ್ಕೀಗ ಇಪ್ಪತ್ತೊಂದು ವರ್ಷ. ವಾರಕ್ಕೆ ಎರಡು ಬೆಳಗು, ಒಟ್ಟು ಮೂವತ್ತಾರು ಕಣ್ಣು. ನೆಲ ಒರೆಸುವುದು ಇನ್ನೂ ಬಿಟ್ಟಿಲ್ಲ.

ಗುಂಡಿಗಳ ಬಗ್ಗೆ ಕೇಳಿದರೆ ಅವರು ಮೂರು ಬೆರಳು ಎತ್ತಿ ತೋರಿಸುತ್ತಾರೆ.

"ಮುಂಚೆ ನಾನು ಬೆರಳು ತೋರಿಸ್ತಿದ್ದೆ. ಯಾವಾಗಲೂ ಮೂರೇ. ಯಾಕೋ ಗೊತ್ತಿಲ್ಲ, ಕೈ ಹಾಗೇ ಏಳ್ತಿತ್ತು."

ಏಳು ವರ್ಷದ ಹಿಂದಿನ ಮಾತು. ಹನ್ನೊಂದನೇ ಮಂಚದಲ್ಲಿ ಒಬ್ಬ ದರ್ಜಿ ಇದ್ದರು. ಅರ್ಧ ಹೊಲಿದ ಬಟ್ಟೆ ಅಂಗಡಿಯಲ್ಲಿ ಬಿಟ್ಟು ಬಂದವರಿಗೆ ಮನೆಗೆ ಹೊರಡುವ ಅವಸರ. ಅವರಿಗಿಂತ ಮೊದಲಿನ ಹತ್ತು ಮಂದಿಯೂ ಗಟ್ಟಿಯಾಗಿ 'ಮೂರು' ಎಂದಿದ್ದರು. ಅವರೂ ಮೂರು ಎಂದರು. ಕಣ್ಣು ಕೆಂಪಾಗಿತ್ತು. ಮೊದಲ ದಿನ ಹಾಗೇ ಇರುತ್ತದೆ ಎಂದು ಅಕ್ಕ ಸಮಾಧಾನ ಹೇಳಿ 'ಸರಿ' ಎಂದು ಬರೆದರು. ಕಾಣದವರನ್ನು ಆಗಲೇ ಡಾಕ್ಟರ ಬಳಿಗೆ ಕರೆದೊಯ್ಯುವುದು, 'ಸರಿ' ಇದ್ದವರು ಮಧ್ಯಾಹ್ನದವರೆಗೆ ಕಾಯುವುದು ಅಲ್ಲಿಯ ಕ್ರಮ. ಮಧ್ಯಾಹ್ನ ಡಾಕ್ಟರು ದೀಪ ಹಿಡಿದು ನೋಡಿದಾಗ ಕಣ್ಣಿನೊಳಗೆ ಕೀವು ಕಟ್ಟಿತ್ತು. ಸೋಂಕು. ಕಣ್ಣಿಗೇ ಸೂಜಿಮದ್ದು ಕೊಟ್ಟರು. ದೃಷ್ಟಿ ಮರಳಲಿಲ್ಲ.

"ಬೆಳಗ್ಗೇನೇ ನೋಡಿದ್ರೆ ಉಳೀತಿತ್ತಾ ಅಂತ ಡಾಕ್ಟರನ್ನ ಕೇಳಿದೆ. ಹೇಳಕ್ಕಾಗಲ್ಲ ಅಂದ್ರು. ಇಲ್ಲ ಅಂದಿದ್ರೆ ನಿದ್ದೆ ಮಾಡ್ತಿದ್ದೆ, ಹೌದು ಅಂದಿದ್ರೆ ಅತ್ತುಬಿಡ್ತಿದ್ದೆ. ಈಗ ಎರಡೂ ಆಗಲ್ಲ."

ತಿಂಗಳಾದ ಮೇಲೆ ಅಕ್ಕ ಧೈರ್ಯ ತಂದುಕೊಂಡು ದರ್ಜಿಯ ಅಂಗಡಿಗೆ ಹೋದರು. ಬೈಗುಳ ತಿನ್ನಲು ಸಿದ್ಧರಾಗಿಯೇ ಹೋಗಿದ್ದರು. ದರ್ಜಿ ಸ್ಟೂಲು ಎಳೆದು ಕೂರಿಸಿ, "ನಾನೂ ಸುಳ್ಳು ಹೇಳಿದೆನಲ್ಲಮ್ಮ. ಬೆರಳಿರಲಿ, ನಿನ್ನ ಕೈಯೇ ಕಾಣ್ತಿರಲಿಲ್ಲ" ಎಂದರಂತೆ. ಆಮೇಲೆ ಡಬ್ಬಿ ಬಗ್ಗಿಸಿ, ಬೇರೆ ಬೇರೆ ಬಣ್ಣದ ಗುಂಡಿ ಆರಿಸಿ, ಅಲ್ಲೇ ಬಟ್ಟೆಗೆ ಹೊಲಿದುಕೊಟ್ಟರು.

ಅಂದಿನಿಂದ ಇಂದಿನವರೆಗೆ ಬಣ್ಣ ಕಾಣದೆ ತಡವರಿಸಿದವರು ಮೂವರು. ಒಬ್ಬರಿಗೆ ಲೆನ್ಸ್ ಜಾರಿತ್ತು, ಇಬ್ಬರಿಗೆ ಕಣ್ಣಿನ ಒತ್ತಡ ಏರಿತ್ತು. ಆ ಕ್ಷಣವೇ ಡಾಕ್ಟರ ಮುಂದೆ ಕೂರಿಸಿದ್ದರಿಂದ ಮೂವರೂ ಸರಿಹೋದರು. ಹೊಗಳಿದರೆ ಅಕ್ಕ ತಲೆಯಾಡಿಸುತ್ತಾರೆ. "ಆ ಮೂವರ ಮುಖ ನೆನಪಿಲ್ಲ. ಟೈಲರಣ್ಣನ ಮುಖ ಮರೀಲಿಲ್ಲ."

ಈಗ ದರ್ಜಿಯ ಇನ್ನೊಂದು ಕಣ್ಣಿಗೂ ಪೊರೆ ಬಂದಿದೆ. ಸೂಜಿಗೆ ದಾರ ಪೋಣಿಸುವುದು ಹೆಂಡತಿ. ಆಪರೇಷನ್ ಎಂದರೆ, "ಇರೋದು ಒಂದೇ ಕಣಮ್ಮ" ಎಂದು ಮಾತು ಮುಗಿಸುತ್ತಾರೆ. ಅಕ್ಕ ಭಾನುವಾರ ಹೋಗುತ್ತಾರೆ, ದಂಪತಿಯ ಜೊತೆ ಚಹಾ ಕುಡಿದು, ಹತ್ತಾರು ಸೂಜಿಗೆ ದಾರ ಪೋಣಿಸಿಟ್ಟು ಬರುತ್ತಾರೆ. ಒತ್ತಾಯ ಮಾಡುವುದಿಲ್ಲ. "ಯಾವ ಬಾಯಲ್ಲಿ ಬನ್ನಿ ಅನ್ನಲಿ?"

ಮಾತು ಮುಗಿಸಿ ಏಳುವಾಗ ಅಕ್ಕ ಬಟ್ಟೆಯ ಪಟ್ಟಿಯನ್ನು ತಿರುಗಿಸಿ ತೋರಿಸುತ್ತಾರೆ. ಹಿಂಬದಿಯಲ್ಲಿ ಒಂದೇ ಒಂದು ಹಸಿರು ಗುಂಡಿ.

"ಇದನ್ನ ನಾನೇ ಹೊಲಿದೆ, ಸೊಟ್ಟಗಿದೆ. ಮಂಚದಲ್ಲಿರೋ ಯಾರಿಗೂ ಇನ್ನೂ ತೋರಿಸಿಲ್ಲ. ಟೈಲರಣ್ಣ ಇಲ್ಲಿಗೆ ಬಂದ ದಿನ ತೋರಿಸ್ತೀನಿ. ಬಣ್ಣ ಹೇಳಿದ ಮೇಲೆ, ಹೊಲಿಗೆ ಸರಿಯಿಲ್ಲ ಅಂತ ಬೈದರೆ ಸಾಕು."